ಗಳಗನಾಥರ ಜಿಲ್ಲೆಯಲ್ಲಿ ನಿಂತು ‘ಓದುಗರಿಲ್ಲ’ ಎನ್ನಬೇಡಿ

ಕನ್ನಡ ಪುಸ್ತಕಕ್ಕೆ ಓದುಗರಿಲ್ಲ ಎಂಬ ಮಾತನ್ನು ಈಗ ಯಾರೂ ವಾದಿಸಿ ಸಾಧಿಸುವ ಗೋಜಿಗೇ ಹೋಗುವುದಿಲ್ಲ. ಪುಸ್ತಕ ಬಿಡುಗಡೆಯ ಅಧ್ಯಕ್ಷರು ಅದರಿಂದಲೇ ಭಾಷಣ ಶುರುಮಾಡುತ್ತಾರೆ. ಪ್ರಕಾಶಕರು ಹೊಸ ಲೇಖಕನ ಹಸ್ತಪ್ರತಿಯನ್ನು ವಾಪಸು ಕೊಡುವಾಗ ಅದನ್ನೇ ಕಾರಣವಾಗಿ ಮುಂದಿಡುತ್ತಾರೆ. ಕಾಲೇಜಿನ ಕನ್ನಡ ಮೇಷ್ಟ್ರು, ಗ್ರಂಥಾಲಯದ ಅಧಿಕಾರಿ, ಪತ್ರಿಕೆಯ ಪುರವಣಿ ನೋಡಿಕೊಳ್ಳುವವರು ಎಲ್ಲರೂ ತಲೆಯಾಡಿಸುತ್ತಾರೆ: ಮೊಬೈಲು ಬಂತು, ಓದು ಹೋಯಿತು. ಇಷ್ಟು ಜನ ಇಷ್ಟು ವರ್ಷ ಒಂದೇ ಮಾತು ಆಡುತ್ತ ಬಂದರೆ ಕೇಳುವವರಿಗೆ ಅದು ನಿಜವೆಂದೇ ಅನಿಸುತ್ತದೆ. ಅದು ನಿಜವಲ್ಲ. ಕೆಲವರಿಗೆ ಬಹಳ ಅನುಕೂಲವಾಗಿರುವ ಸುಳ್ಳು ಅದು. ಹಾವೇರಿ ಜಿಲ್ಲೆಯಲ್ಲಿ ನಿಂತು ಅದನ್ನು ಹೇಳುವುದಂತೂ ಈ ನೆಲದ ಚರಿತ್ರೆಗೆ ಮಾಡುವ ಅವಮಾನ.

ಏಕೆಂದರೆ ಗಳಗನಾಥರು ಈ ಜಿಲ್ಲೆಯವರು. ವರದೆ ಬಂದು ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡರು. ಶಾಲೆಯಲ್ಲಿ ಮಾಸ್ತರರಾಗಿದ್ದವರು. ‘ಪ್ರಬುದ್ಧ ಪದ್ಮನಯನೆ’ ಬರೆದು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಪಡೆದರು. ಹರಿ ನಾರಾಯಣ ಆಪಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಹುಟ್ಟಿನ ಕತೆಯನ್ನು ‘ಮಾಧವ ಕರುಣಾವಿಲಾಸ’ವಾಗಿ ಬರೆದರು. ಹಾವೇರಿಗೆ ಹತ್ತಿರದ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಮನೆಮನೆಯ ಮಾತಾಗಿಸಿದರು. ತಮ್ಮ ಪುಸ್ತಕದ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. 1942ರ ಏಪ್ರಿಲ್ 22ರಂದು ತೀರಿಕೊಂಡರು.

ಅವರು ಬರೆಯಲು ಕೂತ ಕಾಲ ಎಂಥದು? ಹಾವೇರಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿನ ಒಂದು ಪೇಟೆ. ಆ ಪ್ರಾಂತದಲ್ಲಿ ನೂರಕ್ಕೆ ಹತ್ತು ಮಂದಿಗೂ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಕಲಿತವರಲ್ಲಿ ಅನೇಕರು ಮರಾಠಿಯಲ್ಲೇ ಓದುತ್ತಿದ್ದರು, ಮರಾಠಿಯಲ್ಲೇ ಪತ್ರ ಬರೆಯುತ್ತಿದ್ದರು. ಕಾದಂಬರಿ ಎಂಬ ಪ್ರಕಾರ ಕನ್ನಡದಲ್ಲಿ ಇನ್ನೂ ಅಂಬೆಗಾಲಿಡುತ್ತಿತ್ತು. ‘ಓದುಗರಿಲ್ಲ’ ಎಂದು ಯಾರಾದರೂ ನ್ಯಾಯವಾಗಿ ಹೇಳಬಹುದಾಗಿದ್ದರೆ ಅದನ್ನು ಹೇಳುವ ಹಕ್ಕು ಗಳಗನಾಥರಿಗಿತ್ತು. ಅವರು ಹಾಗೆ ಹೇಳಿ ಕೈಕಟ್ಟಿ ಕೂರಲಿಲ್ಲ. ಇಲ್ಲದ ಓದುಗರನ್ನು ಉಂಟುಮಾಡಿದರು.

ಹೇಗೆ ಎಂಬುದನ್ನು ನಾವು ಸರಿಯಾಗಿ ಗಮನಿಸಿಲ್ಲ. ಕತೆಯನ್ನು ಕಂತು ಕಂತಾಗಿ ಪತ್ರಿಕೆಯಲ್ಲಿ ಕೊಟ್ಟರು. ಈ ತಿಂಗಳ ಪ್ರಕರಣ ಓದಿದವರು ಮುಂದಿನ ತಿಂಗಳ ಅಂಚೆಗೆ ಕಾಯುವಂತಾಯಿತು. ಪತ್ರಿಕೆಯ ಚಂದಾದಾರ ಕಾದಂಬರಿಯ ಓದುಗನಾದ, ಕಾದಂಬರಿಯ ಓದುಗ ಇಡೀ ಪುಸ್ತಕ ಕೊಳ್ಳುವವನಾದ. ದೇವರು, ಧರ್ಮ, ಗುರುಭಕ್ತಿ ಇವುಗಳ ಸುತ್ತ ಆಗಲೇ ಕೂಡುತ್ತಿದ್ದ ಜನರ ನಡುವೆಯೇ, ಆನಂದವನದಂಥ ಜಾಗದಲ್ಲೇ ಪತ್ರಿಕೆ ನೆಲೆನಿಂತಿತು. ಭಕ್ತರು ಎಲ್ಲಿ ಸೇರುತ್ತಿದ್ದರೋ ಅಲ್ಲಿಗೆ ಅಕ್ಷರ ಹೋಯಿತು. ಒಬ್ಬ ಓದಿ ಹತ್ತು ಜನ ಕೇಳುವ ರೂಢಿ ಹಳ್ಳಿಯಲ್ಲಿ ಇದ್ದೇ ಇತ್ತು. ಜೋರಾಗಿ ಓದಿದರೆ ಕಿವಿಗೆ ಒಪ್ಪುವ ಗದ್ಯವನ್ನು ಅವರು ಬರೆದರು. ಇದು ಆಲೋಚಿಸಿ ಕಟ್ಟಿದ ಕೆಲಸ.

ನಾವು ಅದನ್ನು ತ್ಯಾಗದ ಕತೆ ಮಾಡಿ ಕೂರಿಸಿದ್ದೇವೆ. ಅವರ ನೆನಪಿನ ಸಭೆಗಳಲ್ಲಿ ತಲೆಯ ಮೇಲಿನ ಗಂಟಿನ ಚಿತ್ರ ತಪ್ಪದೆ ಬರುತ್ತದೆ. ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ‘ಕಾದಂಬರಿ ಪಿತಾಮಹ’ ಎನ್ನುತ್ತೇವೆ, ಕೈಮುಗಿಯುತ್ತೇವೆ. ಆದರೆ ಆ ಗಂಟು ಅವರ ದೈನ್ಯದ ಗುರುತು ಮಾತ್ರವೆಂದು ತಿಳಿಯುವುದರಲ್ಲೇ ಮೋಸವಿದೆ. ಪುಸ್ತಕ ಬರೆದವನು ಅದನ್ನು ಓದುವವನ ಬಾಗಿಲಿಗೆ ಒಯ್ಯಬೇಕು, ಅದೂ ಬರವಣಿಗೆಯ ಕೆಲಸವೇ ಎಂದು ನಂಬಿದ ಮನುಷ್ಯ ಅವರು. ಇಂದು ಸಾಹಿತಿಯೊಬ್ಬ ತನ್ನ ಪುಸ್ತಕದ ಚೀಲ ಹಿಡಿದು ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ನಾವು ಅವನ ಬಗ್ಗೆ ಮರುಕಪಡುತ್ತೇವೆ, ಬೆನ್ನ ಹಿಂದೆ ಹಗುರವಾಗಿ ಮಾತಾಡುತ್ತೇವೆ. ಗಳಗನಾಥರನ್ನು ಹೊಗಳುವ ಬಾಯಿಯೇ ಅವರ ಕೆಲಸವನ್ನು ಕೀಳೆಂದು ಭಾವಿಸುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಪ್ಪಿಸಿಕೊಂಡು ಹೋಗಲಾರೆ. ಗಳಗನಾಥರು ಬಡತನದಲ್ಲೇ ಬದುಕಿದರಲ್ಲ, ಊರೂರು ಅಲೆದೂ ಅವರಿಗೆ ದಕ್ಕಿದ್ದೇನು ಎಂದು ಕೇಳುತ್ತಾರೆ. ನಿಜ, ಹಣ ದಕ್ಕಲಿಲ್ಲ. ಆದರೆ ಆ ಬಡತನ ಓದುಗರು ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಬರೆಯುವವ, ಸಂಪಾದಿಸುವವ, ಅಚ್ಚು ಹಾಕಿಸುವವ, ಹೊರುವವ ಎಲ್ಲವೂ ಒಬ್ಬನೇ ಆಗಬೇಕಾಗಿ ಬಂದದ್ದಕ್ಕೆ ಅದು ಸಾಕ್ಷಿ. ಅವರ ಬೆನ್ನಿಗೆ ಸಂಸ್ಥೆ ಇರಲಿಲ್ಲ. ಅದನ್ನು ಅರಿತವರು ಧಾರವಾಡದ ಜಿ.ಬಿ. ಜೋಶಿ. 1933ರಲ್ಲಿ ಅವರು ಮನೋಹರ ಗ್ರಂಥಮಾಲೆ ಶುರುಮಾಡಿದಾಗ ನೆಚ್ಚಿಕೊಂಡದ್ದು ಚಂದಾದಾರರನ್ನು. ವರ್ಷಕ್ಕಿಷ್ಟು ಎಂದು ಚಂದಾ, ಅದಕ್ಕೆ ವರ್ಷದುದ್ದಕ್ಕೂ ಪುಸ್ತಕ. ಅಚ್ಚಾದ ಪುಸ್ತಕಕ್ಕೆ ಓದುಗರನ್ನು ಹುಡುಕುವ ಬದಲು ಓದುಗರನ್ನು ಕೂಡಿಸಿಕೊಂಡು ಪುಸ್ತಕ ಅಚ್ಚು ಹಾಕಿದರು. ಮುಂದೆ ನವ್ಯದ ಎಷ್ಟೋ ಮುಖ್ಯ ಕೃತಿಗಳು ಆ ಗ್ರಂಥಮಾಲೆಯಿಂದ ಹೊರಬಂದವು. ಅವೇನೂ ಸುಲಭದ ಪುಸ್ತಕಗಳಾಗಿರಲಿಲ್ಲ.

ಈಗ ಇಂದಿನ ಲೆಕ್ಕಕ್ಕೆ ಬನ್ನಿ. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ ಸುಮಾರು 16 ಲಕ್ಷ, ಸಾಕ್ಷರತೆ ನೂರಕ್ಕೆ 77ರ ಆಸುಪಾಸು. ಎಳೆಯ ಮಕ್ಕಳನ್ನು ಬಿಟ್ಟು ಎಣಿಸಿದರೂ ಈ ಒಂದೇ ಜಿಲ್ಲೆಯಲ್ಲಿ ಓದಲು ಬಲ್ಲವರು ಹತ್ತು ಲಕ್ಷಕ್ಕೆ ಮೇಲೆ. ಅವರಲ್ಲಿ ಬಹುಪಾಲಿನವರಿಗೆ ಓದಲು ಬರುವುದು ಕನ್ನಡವೇ. ಅತ್ತ ಕನ್ನಡದ ಹೊಸ ಕಥಾಸಂಕಲನವೋ ಕಾದಂಬರಿಯೋ ಅಚ್ಚಾಗುವುದು ಎಷ್ಟು? ಹಿಂದೆ ಸಾವಿರ ಪ್ರತಿ ಎಂಬುದು ವಾಡಿಕೆಯಾಗಿತ್ತು. ಅದು ಐನೂರಾಗಿ, ಈಗ ಮುನ್ನೂರು ಇನ್ನೂರಕ್ಕೆ ಇಳಿದಿದೆ. ಇಡೀ ನಾಡಿಗೆ ಇನ್ನೂರು ಪ್ರತಿ ಮಾಡಿ, ಅದರಲ್ಲಿ ಒಂದೂ ಬ್ಯಾಡಗಿಯವರೆಗೆ ಬರದ ಹಾಗೆ ನೋಡಿಕೊಂಡು, ಬ್ಯಾಡಗಿಯವರು ಓದುವುದಿಲ್ಲ ಎಂದು ತೀರ್ಪು ಕೊಡುವುದು ಯಾವ ನ್ಯಾಯ?

ಈ ತೀರ್ಪಿನಿಂದ ಯಾರಿಗೆ ಅನುಕೂಲವೆಂದು ಕೇಳಿದರೆ ಉತ್ತರ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಹತ್ತಿರ ಹೋಗಿ ನಿಲ್ಲುತ್ತದೆ. ಆಯ್ಕೆಯಾದ ಪುಸ್ತಕವನ್ನು ಇಲಾಖೆ ಮುನ್ನೂರರಷ್ಟು ಪ್ರತಿ ಕೊಳ್ಳುತ್ತದೆ, ಪುಟಕ್ಕಿಷ್ಟು ಎಂದು ದರ ಕಟ್ಟಿ ಕೊಡುತ್ತದೆ. ಈ ಯೋಜನೆ ಇಲ್ಲದಿದ್ದರೆ ಎಷ್ಟೋ ಕವಿತೆಯ ಪುಸ್ತಕಗಳು, ಸಂಶೋಧನೆಯ ಪುಸ್ತಕಗಳು ಬೆಳಕನ್ನೇ ಕಾಣುತ್ತಿರಲಿಲ್ಲ. ಅದು ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ, ಬಾಕಿ ಉಳಿಸಿಕೊಳ್ಳದೆ ವರ್ಷವರ್ಷವೂ ನಡೆಯಬೇಕು. ಆದರೆ ಒಳ್ಳೆಯ ಉದ್ದೇಶದ ಈ ಯೋಜನೆ ಪ್ರಕಾಶನದ ಒಂದು ದೊಡ್ಡ ಭಾಗಕ್ಕೆ ಓದುಗನ ಅಗತ್ಯವನ್ನೇ ಇಲ್ಲವಾಗಿಸಿದೆ. ಅರ್ಜಿ ಹಾಕಿ, ಆಯ್ಕೆಯಾಗಿ, ಪ್ರತಿ ಒಪ್ಪಿಸಿ, ಬಿಲ್ಲು ಪಡೆದರೆ ಪುಸ್ತಕದ ಪ್ರಯಾಣ ಮುಗಿಯಿತು. ಅಂಗಡಿಗೆ ಹೋಗುವ ಕಷ್ಟವಿಲ್ಲ, ಸಾಲ ಕೊಟ್ಟು ವಸೂಲಿಗೆ ಅಲೆಯುವ ತಾಪತ್ರಯವಿಲ್ಲ, ಓದಿದವರು ಚೆನ್ನಾಗಿಲ್ಲ ಎಂದಾರೆಂಬ ಅಂಜಿಕೆಯೂ ಇಲ್ಲ. ಪುಟಕ್ಕಿಷ್ಟು ದರವಾದ್ದರಿಂದ ಪುಸ್ತಕ ದಪ್ಪವಾಗುತ್ತದೆ, ಓದುಗನ ಕೈಗೆ ಭಾರವಾಗುತ್ತದೆ. ಇಲ್ಲಿ ಓದುಗ ಬೇಡವಾಗಿದ್ದಾನೆ. ಬೇಡವಾದವನನ್ನು ‘ಇಲ್ಲ’ ಎಂದು ಕರೆಯುತ್ತಿದ್ದೇವೆ.

ಕೊಳ್ಳುವವನು ಬೇಕಾದ ವ್ಯಾಪಾರ ಹೇಗಿರುತ್ತದೆಂದು ತಿಳಿಯಬೇಕಾದರೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಸೋಮವಾರವೋ ಗುರುವಾರವೋ ಹೋಗಿ ನೋಡಿ. ಜಿಲ್ಲೆಯ ರೈತರಿರಲಿ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನವರೂ ಚೀಲ ಹೇರಿಕೊಂಡು ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿರುತ್ತಾರೆ. ಡಬ್ಬಿ, ಕಡ್ಡಿ ಎಂದು ಲಾಟು ಬೇರೆಬೇರೆ ಇಟ್ಟಿರುತ್ತಾರೆ. ಖರೀದಿದಾರ ಬಂದು ಕಾಯಿ ಮುರಿದು ಬಣ್ಣ ನೋಡುತ್ತಾನೆ, ಹಸಿ ಒಣ ನೋಡುತ್ತಾನೆ, ಆಮೇಲೆ ಟೆಂಡರಿಗೆ ದರ ಬರೆಯುತ್ತಾನೆ. ಮಾಲನ್ನು ಹೊಲದಲ್ಲೇ ಬಿಟ್ಟು ‘ಕೊಳ್ಳುವವರೇ ಇಲ್ಲ’ ಎಂದು ಅಳುವ ರೈತ ಅಲ್ಲಿ ಒಬ್ಬನೂ ಸಿಗುವುದಿಲ್ಲ. ದರ ಬಿದ್ದಾಗ ಅವನು ಸಿಟ್ಟಾಗುತ್ತಾನೆ, ಜಗಳ ತೆಗೆಯುತ್ತಾನೆ, ಆದರೆ ಮಾಲನ್ನು ತಂದು ಕಣ್ಣೆದುರು ಇಟ್ಟ ಮೇಲೆ. ಕನ್ನಡ ಪುಸ್ತಕ ಮಾತ್ರ ಕಣ್ಣಿಗೆ ಬೀಳದೆಯೇ ಸೋತೆನೆಂದು ಹೇಳಿಕೊಳ್ಳುತ್ತಿದೆ. ಅಷ್ಟು ಸಾವಿರ ಜನ ಸೇರುವ, ಕೈಯಲ್ಲಿ ರೊಕ್ಕ ಓಡಾಡುವ ಆ ಪೇಟೆಯಲ್ಲಿ ಒಬ್ಬ ರೈತನಿಗೆ ಮಗಳಿಗೊಂದು ಕತೆಪುಸ್ತಕ ಒಯ್ಯಬೇಕೆನಿಸಿತು ಅನ್ನಿ. ಅವನು ಯಾವ ಬಾಗಿಲಿಗೆ ಹೋಗಬೇಕು? ಗೈಡು, ನೋಟ್‌ಬುಕ್ಕು, ಪ್ರಶ್ನೋತ್ತರ ಮಾಲಿಕೆ ಸಿಗುವ ಅಂಗಡಿ ಯಾರಾದರೂ ತೋರಿಸುತ್ತಾರೆ. ತೇಜಸ್ವಿಯವರ ಪುಸ್ತಕವೋ ವೈದೇಹಿಯವರ ಪುಸ್ತಕವೋ ಬೇಕೆಂದರೆ ಹುಬ್ಬಳ್ಳಿ–ಧಾರವಾಡದ ಕಡೆ ಕೈ ತೋರಿಸುತ್ತಾರೆ.

ಕವಿ ಸು.ರಂ. ಎಕ್ಕುಂಡಿಯವರು ಹುಟ್ಟಿದ್ದೂ ಇದೇ ಜಿಲ್ಲೆಯಲ್ಲಿ, 1923ರಲ್ಲಿ, ರಾಣೇಬೆನ್ನೂರಿನಲ್ಲಿ. ‘ಬಕುಲದ ಹೂವುಗಳು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಕಥನಕವನಗಳು ಹೈಸ್ಕೂಲು ಮಕ್ಕಳಿಗೂ ತಿಳಿಯುವಂಥವು, ಗಟ್ಟಿಯಾಗಿ ಓದಿದರೆ ಮನೆಮಂದಿಯೆಲ್ಲ ಕೂತು ಕೇಳುವಂಥವು. ಅವರ ಜನ್ಮಶತಮಾನೋತ್ಸವದ ವರ್ಷದಲ್ಲೇ, 2023ರ ಜನವರಿಯಲ್ಲಿ, 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ಹಾವೇರಿಯಲ್ಲಿ ನಡೆಯಿತು. ಮೂರು ದಿನ ಪುಸ್ತಕ ಮಳಿಗೆಗಳೂ ಇದ್ದವು, ಜನರೂ ಇದ್ದರು. ನಾಲ್ಕನೆಯ ದಿನ ಶಾಮಿಯಾನ ಬಿಚ್ಚಿದರು. ಜಿಲ್ಲೆಯ ಓದುಗನಿಗೆ ಮೂರು ದಿನ ಅಂಗಡಿ ತೆರೆದು ಉಳಿದ ದಿನವೆಲ್ಲ ಮುಚ್ಚಿದರೆ ಯಾವ ವ್ಯಾಪಾರ ನಿಂತೀತು?

ಓದುಗರಿಲ್ಲ ಎನ್ನುವವರು ಎಣಿಕೆಗೆ ಯಾರನ್ನು ತೆಗೆದುಕೊಳ್ಳುತ್ತಾರೆ ಎಂಬುದನ್ನೂ ನೋಡಬೇಕು. ಇಲ್ಲಿಯೇ ನನಗೆ ಹೆಚ್ಚು ಸಿಟ್ಟು ಬರುವುದು. ಈ ಭಾಗದ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಆಡುತ್ತಾರೆ. ಸಾಮಾಜಿಕ ನಾಟಕದ ಅಚ್ಚಾದ ಪುಸ್ತಕವನ್ನು ಊರ ಹುಡುಗರು ರೊಕ್ಕ ಕೊಟ್ಟು ತರುತ್ತಾರೆ. ತಮ್ಮತಮ್ಮ ಪಾತ್ರವನ್ನು ಕೈಯಿಂದ ಬರೆದುಕೊಳ್ಳುತ್ತಾರೆ, ಪೇಟಿ ಮಾಸ್ತರರ ಎದುರು ತಿಂಗಳುಗಟ್ಟಲೆ ತಾಲೀಮು ಮಾಡಿ ಪುಟಗಟ್ಟಲೆ ಬಾಯಿಪಾಠ ಮಾಡುತ್ತಾರೆ. ಇದಕ್ಕಿಂತ ಆಳವಾದ ಓದು ಯಾವುದಿದೆ? ಶ್ರಾವಣ ಬಂದರೆ ಗುಡಿಗಳಲ್ಲಿ, ಮಠಗಳಲ್ಲಿ ಪುರಾಣ ಪ್ರವಚನ ಕೂರುತ್ತದೆ. ತಿಂಗಳಿಡೀ ರಾತ್ರಿ ಊರು ಕೂಡಿ ಒಂದು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತದೆ. ಶಿಶುನಾಳ ಶರೀಫರ ತತ್ತ್ವಪದಗಳ ಪುಸ್ತಕ, ನಿಜಗುಣರ ‘ಕೈವಲ್ಯ ಪದ್ಧತಿ’ ಭಜನಾ ಮೇಳದವರ ಚೀಲದಲ್ಲಿ ಅಂಚು ಸವೆದು, ಹೊಲಿಗೆ ಬಿಚ್ಚಿ, ಮತ್ತೆ ದಾರ ಹಾಕಿಸಿಕೊಂಡು ಉಳಿದಿರುತ್ತವೆ. ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬಾಗಿಲು ತೆಗೆಯುವ ಮೊದಲೇ ಬಂದು ಕಾಯುತ್ತಾರೆ. ದಿನಕ್ಕೆ ಎಂಟು ಹತ್ತು ತಾಸು ಕನ್ನಡ ಓದುವ ಯುವಕರು ಅವರು.

ಇವರ್ಯಾರೂ ನಮ್ಮ ವಿಮರ್ಶಕರ ಕಣ್ಣಿಗೆ ಓದುಗರಲ್ಲ. ನಾಟಕದ ಪುಸ್ತಕ ಸಾಹಿತ್ಯವಲ್ಲ, ಪುರಾಣ ಭಕ್ತಿಯ ಮಾತು, ಪರೀಕ್ಷೆಯ ಓದು ಹೊಟ್ಟೆಪಾಡು. ಹೀಗೆ ಒಬ್ಬೊಬ್ಬರನ್ನೇ ಪಟ್ಟಿಯಿಂದ ಹೊಡೆದುಹಾಕುತ್ತ ಹೋದರೆ ಕೊನೆಗೆ ಉಳಿಯುವವರು ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಕೊಳ್ಳುವ ಕೆಲವು ನೂರು ಮಂದಿ. ಗಳಗನಾಥರು ಈ ಕತ್ತರಿ ಹಿಡಿದಿದ್ದರೆ ಅವರಿಗೂ ಓದುಗರು ಸಿಗುತ್ತಿರಲಿಲ್ಲ. ಪುರಾಣ ಕೇಳಲು ಕೂತ ಜನರನ್ನೇ ಅವರು ಕಾದಂಬರಿಯ ಕಡೆಗೆ ಕರೆದುತಂದರು. ಪಿಎಸ್‌ಐ ಪರೀಕ್ಷೆಗೆ ಕನ್ನಡ ಸಾಹಿತ್ಯ ಚರಿತ್ರೆಯ ಪ್ರಶ್ನೋತ್ತರ ಬಾಯಿಪಾಠ ಮಾಡುತ್ತಿರುವ ಹುಡುಗಿಗೆ ಆ ಪ್ರಶ್ನೆಯಲ್ಲಿ ಬರುವ ಕಾದಂಬರಿಯನ್ನೇ ಕೈಗೆ ಕೊಟ್ಟವರು ಯಾರು? ಕೊಟ್ಟು ನೋಡದೆ ಅವಳು ಓದುವುದಿಲ್ಲ ಎಂದವರು ಮಾತ್ರ ಬಹಳ.

ಮೊಬೈಲಿನ ಮೇಲಿನ ದೂರನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಸಮಯ ತಿನ್ನುತ್ತದೆ, ನಿಜ. ಆದರೆ ಈ ದೂರು ಮೊಬೈಲಿಗಿಂತ ಹಳೆಯದು. ಅದಕ್ಕೆ ಮುಂಚೆ ಟಿವಿಯನ್ನು ದೂರಿದರು, ಟಿವಿಗೆ ಮುಂಚೆ ಸಿನಿಮಾವನ್ನು. ಆ ದೂರುಗಳ ನಡುವೆಯೇ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಹುಟ್ಟಿತು, ಜಾಹೀರಾತು ಮುಟ್ಟದೆ ಓದುಗರ ಕಾಸಿನಿಂದಲೇ ನಡೆಯಿತು. 1988ರಲ್ಲಿ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ ಶುರುವಾಯಿತು, ರೈತರ ಕೈಯಲ್ಲೇ ಬರೆಸಿ ರೈತರೇ ಓದುವ ಪತ್ರಿಕೆಯಾಗಿ ಬೆಳೆಯಿತು. ಯಾರಿಗೆ ಬರೆಯುತ್ತಿದ್ದೇವೆಂದು ಎರಡೂ ಪತ್ರಿಕೆಯವರಿಗೆ ಗೊತ್ತಿತ್ತು.

ಈಗ ಇನ್ನೊಂದು ಉಪದೇಶ ಬಂದಿದೆ. ಓದುಗರನ್ನು ಮುಟ್ಟಬೇಕಾದರೆ ಲೇಖಕ ರೀಲ್ಸ್ ಮಾಡಬೇಕು, ಮುಂಗಡ ಬುಕಿಂಗ್ ತೆರೆಯಬೇಕು, ಸಹಿ ಹಾಕಿದ ಪ್ರತಿಯ ಫೋಟೊ ಹಂಚಬೇಕು, ಓದುಗರಿಗೆ ಏನು ರುಚಿಸುತ್ತದೆಂದು ತಿಳಿದು ಅದನ್ನೇ ಬರೆಯಬೇಕು. ‘ಓದುಗರಿಲ್ಲ’ ಎನ್ನುವವರು ಕೈಚೆಲ್ಲಿದರೆ ಇವರು ಕೈ ಬೀಸುತ್ತಾರೆ. ಇಬ್ಬರೂ ಕೂತಲ್ಲಿಂದ ಏಳುವುದಿಲ್ಲ. ಫೋನಿನಲ್ಲಿ ನಡೆಯುವ ಈ ಪ್ರಚಾರ ಬಹುಮಟ್ಟಿಗೆ ಆಗಲೇ ಪುಸ್ತಕ ಕೊಳ್ಳುವವರ ನಡುವೆಯೇ ಸುತ್ತುತ್ತದೆ. ಹಿರೇಕೆರೂರಿನ ಅಂಗನವಾಡಿ ಕಾರ್ಯಕರ್ತೆಯ ಫೋನಿಗೂ ಅದು ಹೋಗಬಹುದಿತ್ತು, ಆದರೆ ಅವಳನ್ನು ನೆನೆದು ಆ ಮಾತನ್ನು ಯಾರೂ ಸಿದ್ಧಮಾಡಿರುವುದಿಲ್ಲ. ಇನ್ನು ರುಚಿ ತಿಳಿದು ಬರೆಯುವ ಮಾತು. ಗಳಗನಾಥರ ಓದುಗರು ವಿಜಯನಗರದ ಚರಿತ್ರೆ ಬೇಕೆಂದು ಕೇಳಿರಲಿಲ್ಲ. ಅದನ್ನು ಕೇಳುವಷ್ಟು ಅವರಿಗೆ ಅದು ಗೊತ್ತೇ ಇರಲಿಲ್ಲ. ಜನ ಕೇಳದೆ ಇದ್ದದ್ದನ್ನು, ಅವರಿಗೆ ತಿಳಿಯುವ ಮಾತಿನಲ್ಲಿ, ಅವರು ಬಿಡಲಾರದಂಥ ಕತೆಯಾಗಿ ಕೊಟ್ಟರು. ಓದುಗನನ್ನು ಗೌರವಿಸುವುದೆಂದರೆ ಇದು. ಅವನ ಇಷ್ಟಕ್ಕೆ ಕುಣಿಯುವುದು ಬೇರೆ.

ಬರೆಯುವವರ ಕಡೆಗೂ ಬೆರಳು ತೋರಿಸಬೇಕು. ನಮ್ಮ ಗದ್ಯದ ಒಂದು ದೊಡ್ಡ ಪಾಲು ಪ್ರಶಸ್ತಿಯ ಆಯ್ಕೆ ಸಮಿತಿಯನ್ನು ಎದುರಿಗೆ ಕೂರಿಸಿಕೊಂಡು ಬರೆದಂತಿದೆ. ಮುನ್ನುಡಿ, ಹಿರಿಯರ ಹಾರೈಕೆ ಎಲ್ಲ ಸೇರಿ ಪುಸ್ತಕದ ಮೊದಲ ಇಪ್ಪತ್ತು ಪುಟ ಪರಸ್ಪರ ಗೌರವಾರ್ಪಣೆಗೇ ಹೋಗುತ್ತದೆ. ಕತೆ ಶುರುವಾಗುವ ಹೊತ್ತಿಗೆ, ಬಸ್ಸಿನಲ್ಲಿ ಕೂತು ಪುಟ ತೆರೆದವಳು ಅದನ್ನು ಮುಚ್ಚಿರುತ್ತಾಳೆ. ಕಷ್ಟದ ಪುಸ್ತಕ ಬರೆಯಬಾರದೆಂದಲ್ಲ. ಕಷ್ಟದ ಅನುಭವವನ್ನು ಹಿಡಿಯಲು ಕಷ್ಟದ ಮಾತು ಬೇಕಾಗುತ್ತದೆ, ಓದುಗ ಅದನ್ನು ಸಹಿಸುತ್ತಾನೆ, ಕೆಲವೊಮ್ಮೆ ಪ್ರೀತಿಸುತ್ತಾನೆ. ಅವನು ಸಹಿಸದೆ ಇರುವುದು ತನ್ನನ್ನು ಲೆಕ್ಕಕ್ಕೇ ಇಡದ ಬರವಣಿಗೆಯನ್ನು.

ನೆರೆಯ ಕೇರಳದಲ್ಲಿ 1945ರಲ್ಲಿ ಕೋಟ್ಟಯಂನ ಲೇಖಕರು ಕೂಡಿ ಸಾಹಿತ್ಯ ಪ್ರವರ್ತಕ ಸಹಕಾರ ಸಂಘ ಕಟ್ಟಿದರು. ಪ್ರಕಾಶನ ಲೇಖಕರ ಕೈಗೇ ಬಂತು, ರಾಯಧನವೂ ಬಂತು, ಊರೂರಲ್ಲಿ ಮಳಿಗೆ ತೆರೆದವು. ಅಲ್ಲಿನ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಕಲಾಜಾಥಾ ಕಟ್ಟಿಕೊಂಡು ಹಳ್ಳಿಗಳಲ್ಲಿ ಬೀದಿನಾಟಕ ಆಡಿ, ಅದೇ ಜಾಗದಲ್ಲಿ ವಿಜ್ಞಾನದ ಪುಸ್ತಕ ಮಾರಿದರು. ಅವರದು ಬೇರೆ ಜನ, ಬೇರೆ ಚರಿತ್ರೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇವೆ. ಹಾವೇರಿ ಜಿಲ್ಲೆಗೆ ಸಹಕಾರ ಸಂಘವೂ ಗೊತ್ತು, ನಾಟಕವೂ ಗೊತ್ತು, ಜಾತ್ರೆಯೂ ಗೊತ್ತು. ದೇವರಗುಡ್ಡದಲ್ಲಿ ದಸರೆಯ ಕಾರಣಿಕ ಕೇಳಲು ಸೇರುವ ಜನಸಾಗರದ ಅಂಚಿನಲ್ಲಿ ಬಳೆ, ಬೆಂಡು ಬೆತ್ತಾಸು, ಆಟಿಕೆ ಎಲ್ಲಕ್ಕೂ ಜಾಗವಿದೆ. ಕದರಮಂಡಲಗಿಯಲ್ಲಿ, ಕಾಗಿನೆಲೆಯಲ್ಲಿ, ಹುಕ್ಕೇರಿಮಠದ ಜಾತ್ರೆಯಲ್ಲಿ ಜಾಗವಿದೆ. ಒಂದು ಮೇಜು, ನೂರು ಪುಸ್ತಕ, ಅವುಗಳಲ್ಲಿ ಮೂವತ್ತನ್ನಾದರೂ ಓದಿರುವ ಒಬ್ಬ ಮನುಷ್ಯ ಸಾಕು. ಓದದವನು ಮಾರಲಾರ. ‘ಇದರಲ್ಲಿ ಏನೈತ್ರಿ?’ ಎಂದು ಕೇಳಿದ ಅವ್ವನಿಗೆ ಎರಡು ಮಾತಿನಲ್ಲಿ ಕತೆ ಹೇಳಬಲ್ಲವನು ಬೇಕು. ಅಂಥವನಿಗೆ ಸಂಬಳ ಕೊಡುವುದು ಪ್ರಕಾಶಕರ ಸಂಘಕ್ಕೆ, ಪುಸ್ತಕ ಪ್ರಾಧಿಕಾರಕ್ಕೆ, ಜಿಲ್ಲೆಯ ಸಾಹಿತ್ಯ ಪರಿಷತ್ತಿಗೆ ಆಗದ ಮಾತಲ್ಲ. ಸನ್ಮಾನಗಳಲ್ಲಿ ಶಾಲು ಹಾರ ಫಲಪುಷ್ಪಕ್ಕೆ ವರ್ಷಕ್ಕೆ ಹೋಗುವ ಖರ್ಚನ್ನು ಅವರೇ ಕೂಡಿಸಿ ನೋಡಲಿ.

ನಷ್ಟವಾದರೆ ಯಾರು ತುಂಬುತ್ತಾರೆ ಎಂದು ಕೇಳುವವರಿಗೆ ಒಂದು ವಿಷಯ ನೆನಪಿಸುತ್ತೇನೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ನಗರ ಪಟ್ಟಣಗಳಲ್ಲಿ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರ ವಸೂಲಾಗುತ್ತದೆ, ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿಯಂತೆ. ಹಾವೇರಿಯ ಕಿರಾಣಿ ಅಂಗಡಿಯವನು, ರಾಣೇಬೆನ್ನೂರಿನ ಬೀಜದ ವ್ಯಾಪಾರಿ, ಬ್ಯಾಡಗಿಯಲ್ಲಿ ಸಣ್ಣ ಮನೆ ಕಟ್ಟಿಕೊಂಡ ಹಮಾಲಿ ಎಲ್ಲರೂ ಅದನ್ನು ಕಟ್ಟುತ್ತಾರೆ. ಕಟ್ಟಿದ್ದು ಓದಲಿಕ್ಕೆಂದು. ಆ ರೊಕ್ಕದಿಂದ ಯಾವ ಪುಸ್ತಕ ಕೊಳ್ಳಬೇಕೆಂದು ಅವರನ್ನು ಯಾರೂ ಕೇಳುವುದಿಲ್ಲ. ಆಯ್ಕೆ ರಾಜಧಾನಿಯಲ್ಲಿ ಆಗುತ್ತದೆ, ಪುಸ್ತಕ ಪೆಟ್ಟಿಗೆಯಲ್ಲಿ ಬಂದು ಕಪಾಟು ಸೇರುತ್ತದೆ. ಸಗಟು ಖರೀದಿಯ ಒಂದು ಪಾಲನ್ನಾದರೂ ಆಯಾ ಊರಿನ ಗ್ರಂಥಾಲಯಕ್ಕೆ ಬಿಡಬೇಕು. ಬಾಗಿಲಲ್ಲಿ ಒಂದು ವಹಿ ಇಟ್ಟು, ಯಾವ ಪುಸ್ತಕ ಬೇಕೆಂದು ಓದುಗರಿಂದಲೇ ಬರೆಸಿಕೊಂಡು, ಆ ಪುಸ್ತಕವನ್ನು ತಿಂಗಳೊಳಗೆ ತರಿಸಬೇಕು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲೂ ಇದೇ ನಡೆಯಬೇಕು. ಓದುಗರು ಇದ್ದಾರೋ ಇಲ್ಲವೋ ಎಂಬ ವಾದವನ್ನು ಆ ವಹಿ ಮುಂದಿಟ್ಟುಕೊಂಡು ಮಾಡೋಣ. ಅಲ್ಲಿಯವರೆಗೆ, ಮುಂಗಡ ಹಣ ಕಟ್ಟಿ ಪುಸ್ತಕಕ್ಕಾಗಿ ಕಾಯುತ್ತಿರುವ ಜನರನ್ನು ‘ಇಲ್ಲ’ ಎನ್ನುವ ಅಧಿಕಾರ ಯಾವ ವೇದಿಕೆಗೂ ಇಲ್ಲ.